ಮರ್ದಾನಸಾಬ ಹೆಚ್ಚಿಗೆ ತಿರುವಿದ ಒಂದು ಹಲ್ಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಮರ್ದಾನಸಾಬನಷ್ಟು ಹೆದರುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಹೊಲಿಗೆ ಮಷೀನು ರಿಪೇರಿ ಅವನ ಕೆಲಸ. ಮಷೀನು ಸರಿಯಾದ ಮೇಲೆ ಒಂದು ಗೇಣು ಬಟ್ಟೆ ಹೊಲಿದು ನೋಡುತ್ತಾನೆ, ಸಾಲದೆಂದು ಇನ್ನೊಂದು ಗೇಣು ಹೊಲಿಯುತ್ತಾನೆ. ಆಮೇಲೂ ಒಯ್ಯಲು ಬಂದವರಿಗೆ, "ಇವತ್ತೊಂದು ದಿನ ನನ್ನ ಕಣ್ಣ ಮುಂದ ಇರ್ಲಿ ಬಿಡವ್ವಾ, ನಾಳೆ ಬಂದು ಒಯ್ಯಿ" ಎನ್ನುತ್ತಾನೆ. ಒಯ್ದವರ ಮನೆಗೆ ಎರಡು ದಿನ ಬಿಟ್ಟು ತಾನೇ ಹೋಗಿ, "ಸೂಜಿ ಮುರೀಲಿಲ್ಲಲ್ಲ? ಯಾರಿಗೂ ಚುಚ್ಚಲಿಲ್ಲಲ್ಲ?" ಎಂದು ಕೇಳಿ ಬರುತ್ತಾನೆ.

ಪಕ್ಕದ ಮನೆಯವನು ನಾನು, ಮೂರು ಗಾಲಿಯ ಟಂಟಂ ಓಡಿಸುತ್ತೇನೆ. ನನಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಕಾಗಿಲ್ಲ. ಎಷ್ಟೋ ಸಲ ಅವನನ್ನು ಬೈದಿದ್ದೇನೆ.

"ಮರ್ದಾನಣ್ಣ, ನೀ ಹಿಂಗ ಅಂಜಿಕೋತ ಕುಂತರ ಗಿರಾಕಿ ಎಲ್ಲಾ ಓಡಿ ಹೋಗ್ತಾರಪಾ."

"ಓಡಿ ಹೋದರ ಅವರ ಕಾಲು ನೆಟ್ಟಗ ಅದಾವಂತ ಅರ್ಥ, ಗವಿಸಿದ್ದ. ಅದೂ ಚಲೋನ" ಎಂದು ನಗುತ್ತಾನೆ.

ಅವನು ಮೊದಲಿನಿಂದ ಹೀಗಿರಲಿಲ್ಲ. ಹರೆಯದಲ್ಲಿ ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್ ಆಗಿದ್ದ, ಅಂದರೆ ಕೆಟ್ಟ ಮಗ್ಗವನ್ನು ಹದಕ್ಕೆ ತರುವವನು. ಮಗ್ಗದಲ್ಲಿ ಒಂದು ಕೋಲು ಅಡ್ಡನೂಲಿನ ಲಾಳಿಯನ್ನು ಬಡಿದು ಈ ಕಡೆಯಿಂದ ಆ ಕಡೆಗೆ ಹಾರಿಸುತ್ತದೆ. ಬಡಿಯುವ ಮುಖ ಒಂದು ಕೂದಲೆಳೆಯಷ್ಟು ಓರೆಯಾದರೂ ಉಕ್ಕಿನ ಮೂತಿಯ ಆ ಲಾಳಿ ದಾರಿ ಬಿಟ್ಟು ಹೊರಗೆ ಚಿಮ್ಮುತ್ತದೆ. ಗದಗು ಜಿಲ್ಲೆಯಾದ ಮರುವರ್ಷ, ಅವನೇ ಹದ ಮಾಡಿದ್ದ ಮಗ್ಗದಿಂದ ಲಾಳಿ ಹಾರಿ, ನೂಲು ಸುತ್ತಿದ ಕಂಡಿಕೆಯ ಬುಟ್ಟಿ ಹೊತ್ತು ಹಾದು ಹೋಗುತ್ತಿದ್ದ ಅಮೃತವ್ವ ಎಂಬ ಹೆಣ್ಣುಮಗಳ ಎಡಗಣ್ಣು ಹೋಯಿತು. ಅಂದು ಪಾನಾ, ಸಲಕರಣೆಗಳ ಚೀಲವನ್ನು ಶೆಡ್ಡಿನಲ್ಲೇ ಬಿಟ್ಟು ಬಂದವನು ಮತ್ತೆ ಮಗ್ಗ ಮುಟ್ಟಲಿಲ್ಲ. ಯಾಕೆ ಹಾಗಾಯಿತೆಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಈಗ ಹೇಳುವ ಸಂಗತಿ ನಡೆದದ್ದು ಅದಾಗಿ ಹದಿನಾರು ವರ್ಷಕ್ಕೆ, ಮಾರ್ಚ್ ತಿಂಗಳಲ್ಲಿ.

ಲಕ್ಷ್ಮೇಶ್ವರದ ಕೊಟ್ರಪ್ಪ ಸಾವಕಾರರಿಗೆ ಗದಗಿನಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲು, ಸೊರಟೂರಿನಲ್ಲಿ ಕಪ್ಪು ಮಣ್ಣಿನ ಎರಿಹೊಲ. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ಸಾವಕಾರರು ಸುಮ್ಮಸುಮ್ಮನೆ ನಡೆಯುವವರಲ್ಲ. ಬೆಳಗಾವಿಯಲ್ಲಿ ಮಿಲಿಟರಿಯಲ್ಲಿರುವ ಅಳಿಯ ಒಂದು ದಿನ ಗಾಲ್ಫ್ ಆಡುವ ಮೈದಾನಕ್ಕೆ ಕರೆದೊಯ್ದು ತೋರಿಸಿದ, ಇವರಿಗೆ ಹುಚ್ಚು ಹಿಡಿಯಿತು. ಅಳಿಯನೇ ಒಂದು ಕೋಲನ್ನೂ ಕೊಟ್ಟ. ಉದ್ದನೆಯ ಕರೀ ಕೋಲು, ತುದಿಯಲ್ಲಿ ಸಣ್ಣ ತಂಬಿಗೆಯಷ್ಟು ದಪ್ಪನೆಯ ಪೊಳ್ಳು ತಲೆ. ಅದಕ್ಕೆ ಡ್ರೈವರ್ ಎನ್ನುತ್ತಾರಂತೆ, ಚೆಂಡನ್ನು ಎಲ್ಲಕ್ಕಿಂತ ದೂರ ಹೊಡೆಯುವ ಕೋಲು. ಸಾವಕಾರರು ಕಡಲೆ ಕಿತ್ತ ಹೊಲವನ್ನು ಸಮ ಮಾಡಿಸಿ, ಒಂದು ಮೂಲೆಯಲ್ಲಿ ಮಣ್ಣಿನ ಕಟ್ಟೆ ಕಟ್ಟಿಸಿ, ವಾರಕ್ಕೆ ಮೂರು ದಿನ ಸಂಜೆ ನಾಲ್ಕೂವರೆಗೆ ಅಲ್ಲಿ ನಿಂತು ನಲವತ್ತು ಚೆಂಡು ಹೊಡೆಯುತ್ತಿದ್ದರು.

ಚೆಂಡು ಆರಿಸುವವರು ಪಕ್ಕದ ಹೊಲದಲ್ಲಿ ಹತ್ತಿ ಕಟಿಗೆ ಕೀಳುವ ಹೆಣ್ಣಾಳುಗಳು. ಕಳಸಾಪುರದಿಂದ ಹನ್ನೊಂದು ಮಂದಿ, ಬೆಳಿಗ್ಗೆ ನಾನೇ ಟಂಟಂನಲ್ಲಿ ಬಿಟ್ಟು ಆರು ಗಂಟೆಗೆ ವಾಪಸು ಕರೆತರುತ್ತಿದ್ದೆ.

ತೊಂದರೆ ಒಂದೇ. ಸಾವಕಾರರು ಹೊಡೆದ ಚೆಂಡು ಎದುರಿಗೆ ಹೊರಟು, ಅರ್ಧ ದಾರಿಯಲ್ಲಿ ಬಲಕ್ಕೆ ಹೊರಳಿ, ಪಕ್ಕದ ವೀರುವಿನ ಉಳ್ಳಾಗಡ್ಡಿ ಮಡಿಯಲ್ಲಿ ಬೀಳುತ್ತಿತ್ತು. ಒಂದಲ್ಲ ಎರಡಲ್ಲ, ನಲವತ್ತೂ ಬಲಕ್ಕೇ. "ಸಾವಕಾರ್ರ, ಇನ್ನ ಚೆಂಡು ಬಂದ್ರ ಉಳ್ಳಾಗಡ್ಡಿ ಜೋಡಿ ಸಂತಿಗೆ ಹಾಕ್ತೇನಿ ನೋಡ್ರಿ" ಎಂದು ವೀರು ಬದುವಿನ ಮೇಲೆ ನಿಂತು ಕೂಗುತ್ತಿದ್ದ. ಆ ಕೋಲನ್ನು ತಿರುವಿ ಹೊಂದಿಸಲು ಒಂದು ಕೀಲಿಯೂ ಪೆಟ್ಟಿಗೆಯಲ್ಲಿ ಬಂದಿತ್ತು. ಸಾವಕಾರರು ಸಿಟ್ಟಿನಲ್ಲಿ ತಾವೇ ನಾಲ್ಕು ದಿನ ಅದನ್ನು ಬೇಕಾದ ಹಾಗೆ ತಿರುವಿದರು. ಚೆಂಡು ಇನ್ನಷ್ಟು ಬಲಕ್ಕೆ ಹೋಯಿತು.

ಮಿಲ್ಲಿನಲ್ಲಿ ಚೀಲ ಹೊಲಿಯುವ ಮಷೀನು ಕೆಟ್ಟಾಗ ಮರ್ದಾನಸಾಬನನ್ನು ಕರೆಸುತ್ತಿದ್ದರು. ಒಂದು ಬುಧವಾರ ಅವನನ್ನು ಕರೆದೊಯ್ದವನು ನಾನೇ. ಮಷೀನಿನ ಕೆಲಸ ಮುಗಿಯುತ್ತಲೇ ಸಾವಕಾರರು ಕೋಲು ಹಿಡಿದು ಬಂದರು.

"ಏ ಮರ್ದಾನ, ಸೂಜಿ ನೆಟ್ಟಗ ಮಾಡ್ತಿ, ಈ ಬಡಿಗಿ ಒಂದೀಟು ನೆಟ್ಟಗ ಮಾಡು."

"ನನಗ ಇದರ ಕುಲಗೋತ್ರ ಗೊತ್ತಿಲ್ರಿ ಸಾವಕಾರ್ರ. ಒಲ್ಲೆರಿ."

"ಅಂಜಬುರುಕಾ! ಮುಟ್ಟಿದ್ರ ಕಡಿಯೂದಿಲ್ಲದು. ಬರೇ ನೋಡಾಕೇನು?"

ನೋಡುವುದಕ್ಕೆಂದು ಕೈಗೆ ತೆಗೆದುಕೊಂಡ. ಅಲ್ಲಿಗೆ ಮುಗಿಯಿತು. ಹದಿನಾರು ವರ್ಷ ಮಗ್ಗ ಕಾಣದ ಕೈ ಅವು. ಕೋಲಿನ ತಲೆಯನ್ನು ನೆಲದ ಮೇಲೆ ಇರಿಸಿ, ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದ. ಬೆರಳಿನಿಂದ ಅದರ ಚಪ್ಪಟೆ ಮುಖ ಸವರಿದ.

"ಮುಖ ಬಲಕ್ಕ ಹೊಳ್ಳೈತ್ರಿ. ನೀವು ಎಷ್ಟ ನೆಟ್ಟಗ ಬಡದ್ರೂ ಅದು ಆ ಕಡೆನ ನೋಡ್ತೈತಿ" ಎಂದ.

ಕೋಲು ತಲೆಯೊಳಗೆ ಸೇರುವ ಕಡೆ ಒಂದು ಸಣ್ಣ ಕೊಳವೆ ಇತ್ತು, ಅದರ ಅಂಚಿಗೆ ಸಣ್ಣ ಸಣ್ಣ ಹಲ್ಲುಗಳು. ತಿರುಪು ಸಡಿಲಿಸಿ, ಕೊಳವೆಯನ್ನು ಒಂದೊಂದೇ ಹಲ್ಲು ತಿರುವಿ ಕೂರಿಸಿದರೆ ಮುಖದ ನೋಟ ಬದಲಾಗುತ್ತದೆ. ತಲೆಯ ತಳದಲ್ಲಿ ಒಂದು ತೂಕದ ತುಂಡು, ಅದನ್ನು ಕೊರೆದ ಸಣ್ಣ ಸಂದಿನಲ್ಲಿ ಅತ್ತಿತ್ತ ಸರಿಸಬಹುದು. ಯಾರೂ ಹೇಳಿಕೊಡದೆ ಹತ್ತು ನಿಮಿಷದಲ್ಲಿ ಅವನು ಎಲ್ಲವನ್ನೂ ಓದಿಕೊಂಡ. ಮೊದಲು ಒಂದು ಹಲ್ಲು ತಿರುವಿದ. ಕೀಲಿ ಟಕ್ ಎನ್ನುವವರೆಗೆ ಬಿಗಿದ. ಮುಖಕ್ಕೆ ಸುಣ್ಣದ ಪುಡಿ ಬಳಿದು, ಗೋದಾಮಿನ ಹತ್ತಿಯ ರಾಶಿಗೆ ಎದುರಾಗಿ ಸಾವಕಾರರಿಂದ ಹೊಡೆಸಿದ. ಚೆಂಡು ಹತ್ತಿಯಲ್ಲಿ ಹೂತಿತು. ಸುಣ್ಣದಲ್ಲಿ ಚೆಂಡಿನ ಗುರುತು ಮುಖದ ನಟ್ಟನಡುವೆ ಮೂಡಿತ್ತು. ಹಿಂದೆ ಕೂತು ನೋಡಿದರೆ ಮುಖವೂ ನೆಟ್ಟಗೆ ಕಂಡಿತು.

ಅಲ್ಲಿಗೆ ಬಿಡಬೇಕಾಗಿತ್ತು. ಆದರೆ ಅವನು ಮತ್ತೆ ಕೀಲಿ ತೂರಿಸಿ ಇನ್ನೂ ಒಂದು ಹಲ್ಲು ತಿರುವಿದ. ತೂಕದ ತುಂಡನ್ನೂ ಕೋಲು ಸೇರುವ ಬದಿಯ ಕೊನೆಗೆ ನೂಕಿದ.

"ಬಳಸಾಕ ಹತ್ತಿದ ಮ್ಯಾಲೆ ಹಿಂದ ಸರೀತೈತ್ರಿ. ಅದಕ್ಕ ಒಂದು ಹಲ್ಲು ಹೆಚ್ಚಿಗಿ ಇಟ್ಟೇನಿ."

ಸಾವಕಾರರು ತಲೆಯಾಡಿಸಿದರು. ನಾನೂ ಆಡಿಸಿದೆ. ಕೆಲಸ ಬಲ್ಲವನ ಮಾತು, ನಮಗೇನು ಗೊತ್ತು. "ಇವತ್ತೊಂದು ದಿನ ಇರ್ಲಿರಿ, ನನ್ನ ಕಣ್ಣ ಮುಂದ..." ಎಂದು ಅವನು ಶುರು ಮಾಡುವಷ್ಟರಲ್ಲಿ ಅವರು ಕೋಲನ್ನು ಕಾರಿನಲ್ಲಿ ಇಟ್ಟು, "ನಾಳೆ ಸೊರಟೂರಾಗ ನೋಡೂಣು" ಎಂದು ಹೊರಟೇಬಿಟ್ಟರು.

ಮರುದಿನ ಗುರುವಾರ. ಹೆಣ್ಣಾಳುಗಳನ್ನು ಹೊಲಕ್ಕೆ ಬಿಟ್ಟು, ಎರಡು ಬಾಡಿಗೆ ಮುಗಿಸಿ, ಊಟ ಮಾಡಿ, ಓಣಿಯ ನೆರಳಿನಲ್ಲಿ ಟಂಟಂನ ಹಿಂದಿನ ಸೀಟಿನಲ್ಲಿ ಅಡ್ಡಾಗಿದ್ದೆ. ಮೂರೂವರೆಯ ಹೊತ್ತು. ಮರ್ದಾನಸಾಬ ತನ್ನ ಕಟ್ಟೆಯ ಮೇಲೆ ಕಾಲಿನಿಂದ ತುಳಿಯುವ ಮಷೀನಿಗೆ ಹೊಸ ತೊಗಲಿನ ಬೆಲ್ಟು ಹಾಕುತ್ತಿದ್ದ. ಅವನ ಹೆಂಡತಿ ಬಾನುಬಿ ಪಕ್ಕದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಇಷ್ಟ್ಯಾಕ ಬಿಗಿ ಹಾಕಿದ್ರಿ? ಗಾಲಿ ತಿರಗೂದರೆ ಹೆಂಗ?" ಎಂದಳು.

"ತೊಗಲದು, ನಾಳೆ ಎಳಕೊಂಡು ಸಡಲ ಆಗ್ತೈತಿ. ಉಕ್ಕಲ್ಲ ಏನಲ್ಲ, ಅದು..." ಎಂದವನು ಅಲ್ಲಿಗೇ ನಿಂತ.

ನಾನು ಕಣ್ಣು ಮುಚ್ಚಿಯೇ ಇದ್ದೆ. ಬಾನುಬಿ "ಯಾಕ್ರಿ? ಏನಾತ್ರಿ?" ಎಂದು ಎರಡು ಸಲ ಕೇಳಿದ್ದು ಕಿವಿಗೆ ಬಿತ್ತು. ಆಮೇಲೆ ಯಾರೋ ನನ್ನ ಕಾಲು ಹಿಡಿದು ಅಲುಗಿಸಿದರು. ನೋಡಿದರೆ ಮರ್ದಾನಸಾಬ.

"ಗವಿಸಿದ್ದ, ಉಕ್ಕು ಎಳಕೊಂತೈತೇನು?"

"ಯಾವ ಉಕ್ಕು? ನಿದ್ದಿಗೆಟ್ಟು ಏನ್ ಕೇಳಾಕ ಹತ್ತೀಪಾ?"

"ಸಾವಕಾರ್ರ ಕೋಲಿನ ಹಲ್ಲು. ಅದು ತೊಗಲಲ್ಲ. ಅದು ಹಿಂದ ಸರಿಯೂದಿಲ್ಲ. ಇಟ್ಟಲ್ಲೇ ಇರ್ತೈತಿ."

ನನಗೆ ಸಿಟ್ಟು ಬಂತು. "ಸರೀಲಿಲ್ಲಂದ್ರ ಗಂಟೇನು ಹೋತು? ಬಲಕ್ಕ ಹೊಂಟಿದ್ದು ಒಂದೀಟು ಎಡಕ್ಕ ಹೋಗ್ತೈತಿ. ವೀರುನ ಉಳ್ಳಾಗಡ್ಡಿ ಉಳೀತಾವು. ಬಿಡು ಕಾಲು."

"ಎಡಕ್ಕ ಏನೈತಿ ಅಲ್ಲೆ?"

ನಾನು ಎದ್ದು ಕೂತೆ.

ಎಡಕ್ಕೆ ಬೇವಿನ ಗಿಡವಿತ್ತು. ಕಟ್ಟೆಯಿಂದ ನೂರು ಹೆಜ್ಜೆಯ ಮೇಲೆ, ಆ ಹೊಲಕ್ಕೆಲ್ಲ ಅದೊಂದೇ ನೆರಳು. ಸಾವಕಾರರು ನಲವತ್ತು ಚೆಂಡು ಹೊಡೆದು ಮುಗಿಸುವವರೆಗೆ ಹನ್ನೊಂದು ಹೆಣ್ಣುಮಕ್ಕಳು ಕೂರುತ್ತಿದ್ದದ್ದು ಅಲ್ಲೇ. ಮೊದಲ ವಾರ ಕಟ್ಟೆಯ ಹಿಂದೆ ಕೂತಿದ್ದರು, ಬಿಸಿಲು ಸುಟ್ಟಿತು. ಎರಡು ತಿಂಗಳಿಂದ ಚೆಂಡು ಒಂದು ಸಲವೂ ಎಡಕ್ಕೆ ಬಂದಿರಲಿಲ್ಲ. ಅಲ್ಲೇ ನೀರು ಕುಡಿದು, ಎಲೆಅಡಿಕೆ ಹಾಕಿ, ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ಯಾರೂ ಆಕಾಶದ ಕಡೆ ನೋಡುತ್ತಿರಲಿಲ್ಲ. ಆ ಹೊಲದಲ್ಲಿ ಅದಕ್ಕಿಂತ ಸುರಕ್ಷಿತ ಜಾಗ ಇಲ್ಲವೆಂದು ಎಲ್ಲರೂ ನಂಬಿದ್ದರು. ಆ ನೆರಳು ತೋರಿಸಿ ಕೂರಿಸಿದವನು ನಾನೇ.

"ಹೆಣ್ಣಮಕ್ಳು" ಎಂದೆ. ಅಷ್ಟೇ ಎಂದೆ.

ಮರ್ದಾನಸಾಬ ಓಣಿಯ ನಡುವೆ ನಿಂತು ಎರಡೂ ಕೈ ನೋಡಿಕೊಂಡ. "ಯಾ ಅಲ್ಲಾ" ಎಂದವನು ಚಪ್ಪಲಿ ಹಾಕಿಕೊಳ್ಳದೆ ನನ್ನ ಪಕ್ಕ ಹತ್ತಿ ಕೂತ.

ಸಾವಕಾರರಿಗೆ ಫೋನ್ ಹಚ್ಚಿದೆ. ಗಂಟೆ ಹೊಡೆಯಿತು, ಎತ್ತಲಿಲ್ಲ. ಹೊಲಕ್ಕೆ ಹೋದರೆ ಅವರು ಫೋನನ್ನು ಕಾರಿನಲ್ಲೇ ಇಡುವವರು. ಮತ್ತೆ ಹಚ್ಚಿದೆ. ಇಲ್ಲ. ಹೆಣ್ಣಾಳುಗಳ ಪೈಕಿ ಫೋನು ಇದ್ದದ್ದು ಹನಮವ್ವನ ಹತ್ತಿರ ಮಾತ್ರ, ಆ ಗುಂಪಿನ ಹಿರಿಯಳು. ಅವಳಿಗೆ ಹಚ್ಚಿದೆ. ನಮ್ಮ ಸೀಟಿನ ಕೆಳಗೇ ಗಂಟೆ ಹೊಡೆಯತೊಡಗಿತು! ಬೆಳಿಗ್ಗೆ ಇಳಿಯುವಾಗ, "ಯಪ್ಪಾ, ಇದನ್ನೊಂದೀಟು ಚಾರ್ಜಿಗೆ ಹಾಕೋ" ಎಂದು ಕೊಟ್ಟಿದ್ದಳು. ಹಾಕಿ, ತೆಗೆದು, ಸೀಟಿನ ಕೆಳಗೆ ಇಟ್ಟು ಮರೆತಿದ್ದೆ. ಆ ಫೋನು ಹಾಡು ಹಾಡುತ್ತಲೇ ಇತ್ತು. ಅದನ್ನು ನಿಲ್ಲಿಸಲು ನನ್ನ ಬೆರಳಿಗೆ ಗುಂಡಿ ಸಿಗಲಿಲ್ಲ.

ಟಂಟಂ ಎಂದರೆ ಓಡುವ ಗಾಡಿಯಲ್ಲ, ತೆವಳುವ ಗಾಡಿ. ಮುಳಗುಂದ ನಾಕಾ ದಾಟಿದೆವು. ಊರು ಹಿಂದೆ ಬಿದ್ದ ಮೇಲೆ ಒಂದು ತಿರುವಿನಲ್ಲಿ ರಸ್ತೆಯ ತುಂಬ ಕುರಿ. ಹಾರ್ನ್ ಹೊಡೆದೆ, ಕೂಗಿದೆ, ಬಾಯಿಗೆ ಬಂದದ್ದು ಬೈದೆ. ಕುರಿ ಕಾಯುವವ ಕೋಲಿಗೆ ಗದ್ದ ಊರಿ ನಿಂತಿದ್ದ.

"ಕುರಿ ನಿನ್ನ ಹಾರ್ನಿಗೆ ಅಂಜೂದಿಲ್ಲೋ ಮಾರಾಯಾ. ನನಗ ಅಂಜ್ತಾವು. ಸುಮ್ಮ ಕುಂಡ್ರು, ದಾಟಸ್ತೇನಿ."

"ಜೀವ ಹೋಗೂ ಹೊತ್ತೈತಿ, ನಿಂದೇನ್ಲೇ ದಾಟಸೂದು!" ಎಂದು ಇಳಿಯಹೋದೆ. ಮರ್ದಾನಸಾಬ ನನ್ನ ಅಂಗಿ ಹಿಡಿದೆಳೆದ.

"ಜಗಳಾಡಾಕ ಹೊತ್ತಿಲ್ಲೋ ತಮ್ಮಾ. ಕುಂಡ್ರು."

ಕೊನೆಯ ಕುರಿಮರಿ ದಾಟುವುದನ್ನು ನಾವಿಬ್ಬರೂ ಕೂತು ನೋಡಿದೆವು. ನಾಲ್ಕು ಗಂಟೆ ದಾಟಿತ್ತು. ಗಾಡಿ ಹೊರಟ ಮೇಲೆ ಅವನು ಎದುರಿನ ರಸ್ತೆಯನ್ನೇ ನೋಡುತ್ತ ಹೇಳತೊಡಗಿದ.

"ಆವತ್ತೂ ಇದನ್ನ ಮಾಡಿದ್ದೆ ಗವಿಸಿದ್ದ."

"ಯಾವತ್ತು?"

"ಅಮೃತವ್ವನ ಕಣ್ಣು ಹೋದಾವತ್ತು. ಲಾಳಿ ಬಡಿಯೂ ಕೋಲಿಗೆ ತೊಗಲಿನ ಪಟ್ಟಿ ಇರ್ತೈತಿ. ಹೊಸಾದು ಹಾಕಿದಾಗ ಒಂದು ಹಲ್ಲು ಹೆಚ್ಚಿಗಿ ಬಿಗೀಬೇಕು. ಎರಡು ದಿನಕ್ಕ ತೊಗಲು ಎಳಕೊಂಡು ಸರಿಯಾಗಿ ಕುಂಡ್ರತೈತಿ. ನಮ್ಮ ಉಸ್ತಾದ ಕಲಿಸಿದ್ದು. ಬೆಟಗೇರಿ ಜಾಬರ್ ಎಲ್ಲಾರೂ ಹಂಗ ಮಾಡ್ತಿದ್ವಿ. ಆ ವರ್ಷ ಮಾಲಕ ನೈಲಾನ್ ಪಟ್ಟಿ ತಂದಿದ್ದ. ನೈಲಾನ್ ಎಳಕೊಳ್ಳೂದಿಲ್ಲ. ತಲಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕೈ ತನ್ನ ರೂಢಿಲೇ ಒಂದು ಹಲ್ಲು ಹೆಚ್ಚಿಗಿ ತಿರುವಿತು."

ನಾನು ಆಕ್ಸಿಲೇಟರ್ ಇನ್ನಷ್ಟು ತಿರುವಿದೆ.

"ದವಾಖಾನಿಯೊಳಗ ಆಕಿ ನನಗ ಏನಂದ್ಲು ಗೊತ್ತೈತಿ? 'ನಿಂದೇನ್ ತಪ್ಪೋ ಯಣ್ಣಾ, ನಾ ಅಲ್ಲಿ ಹಾಯಬಾರದಿತ್ತು' ಅಂದ್ಲು. ಉಗುಳಿದ್ರ ಒರಸಿಕೊಂಡು ಬದುಕತಿದ್ದೆ."

ಅಷ್ಟು ಹೇಳಿ, "ಇನ್ನೊಂದೀಟು ಜಲ್ದಿ ಹೋಗೂದಿಲ್ಲೇನು ಇದು?" ಎಂದ.

ಅದಕ್ಕಿಂತ ಜಲ್ದಿ ಅದು ಹೋಗುವುದಿಲ್ಲ. ನನ್ನ ಬಲಗೈ ತಿರುವಿ ತಿರುವಿ ಮರಗಟ್ಟಿತ್ತು. ಎದುರಿಗೆ ರಸ್ತೆ ಇದ್ದರೂ ನನ್ನ ಕಣ್ಣಿಗೆ ಬೇವಿನ ಗಿಡವೇ ಕಾಣುತ್ತಿತ್ತು. ಹನಮವ್ವ, ಅವಳ ಪಕ್ಕ ಬಸವಣ್ಣೆವ್ವ, ಅವರ ಹಿಂದೆ ಮದುವೆಯಾಗಿ ವರ್ಷವೂ ತುಂಬದ ಒಬ್ಬ ಎಳೆ ಹುಡುಗಿ. ಒಂದು ಸಲ ನಾನು ಆ ಚೆಂಡನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ನಿಂಬೆಹಣ್ಣಿನಷ್ಟೇ ಗಾತ್ರ, ಆದರೆ ಕಲ್ಲು. ವೀರುವಿನ ಹೊಲದ ಸಿಮೆಂಟು ತೊಟ್ಟಿಗೆ ಬಡಿದು ಚಕ್ಕೆ ಎಬ್ಬಿಸಿದ್ದನ್ನೂ ನೋಡಿದ್ದೆ. ಅದು ತಲೆಗೆ ಬಡಿದರೆ ಎಂದು ಯೋಚಿಸಬಾರದೆಂದುಕೊಂಡಷ್ಟೂ ಅದನ್ನೇ ಯೋಚಿಸಿದೆ.

ಸೊರಟೂರಿನ ಹೊಲದ ದಾರಿಗೆ ಹೊರಳಿದಾಗ ನಾಲ್ಕೂ ಮೂವತ್ತೈದು. ಬದುವಿನ ಹತ್ತಿರ ಮುಂದಿನ ಗಾಲಿ ಮಣ್ಣಿನಲ್ಲಿ ಹೂತು ಗಾಡಿ ನಿಂತುಬಿಟ್ಟಿತು. ಅಲ್ಲಿಂದಲೇ ಎಲ್ಲ ಕಂಡಿತು. ಬಿಳಿ ಟೊಪ್ಪಿಗೆ ಹಾಕಿದ ಸಾವಕಾರರು ಕಟ್ಟೆಯ ಮೇಲೆ ನಿಂತು ಬರಿಗಾಳಿಗೆ ಕೋಲು ಬೀಸಿ ಮೈ ಸಡಿಲ ಮಾಡುತ್ತಿದ್ದರು. ಬೇವಿನ ಗಿಡದ ಕೆಳಗೆ ಹನ್ನೊಂದು ಸೀರೆಗಳು.

ಮರ್ದಾನಸಾಬ ಗಿಡದ ಕಡೆ ಓಡಿದ, ನಾನು ಕಟ್ಟೆಯ ಕಡೆ. ಬರಿಗಾಲಿನಲ್ಲಿ, ಹತ್ತಿ ಕಟಿಗೆಯ ಮುರಿದ ಮೊನೆಗಳ ಮೇಲೆ, ಅರವತ್ತರ ಹತ್ತಿರದ ಮನುಷ್ಯ ಹಾಗೆ ಓಡಿದ್ದನ್ನು ನಾನು ಎಂದೂ ನೋಡಿಲ್ಲ. "ಏಳ್ರಿ! ಹಿಂದ ಓಡ್ರಿ! ಏಳ್ರವ್ವಾ!" ಎಂದು ಕೂಗುತ್ತಿದ್ದ. ಗಾಳಿ ಎದುರಿನಿಂದ ಬೀಸುತ್ತಿತ್ತು. ಅವರಿಗೆ ಏನೂ ಕೇಳಿಸಲಿಲ್ಲ. ಕೇಳಿಸದ್ದಕ್ಕೆ ಎದ್ದು ನಿಂತರು. ಕೂತಿದ್ದರೆ ತಗ್ಗಿನಲ್ಲಿರುತ್ತಿದ್ದ ತಲೆಗಳು ಮೇಲೆ ಬಂದವು. ಹನಮವ್ವ ನನ್ನ ಗಾಡಿ ನೋಡಿ ಕೈ ಬೀಸಿದಳು.

"ಸಾವಕಾರ್ರ! ನಿಲ್ಲರಿ! ಹೊಡೀಬ್ಯಾಡ್ರಿ!" ನನ್ನ ಎದೆ ಒಡೆಯುವ ಹಾಗೆ ಕೂಗಿದೆ.

ಅವರು ತಲೆ ತಗ್ಗಿಸಿ ಚೆಂಡನ್ನೇ ನೋಡುತ್ತಿದ್ದರು. ಕೋಲು ಮೇಲೆ ಹೋಯಿತು, ಇಳಿಯಿತು. ಠಣ್ ಎಂಬ ಸದ್ದು.

ಚೆಂಡು ಎದುರಿಗೆ ಹೊರಟಿತು. ಒಂದು ಕ್ಷಣ ನೆಟ್ಟಗೇ ಹೋಗುತ್ತದೆಂದುಕೊಂಡೆ. ಆಮೇಲೆ ಅದು, ಯಾರೋ ದಾರ ಕಟ್ಟಿ ಎಳೆದ ಹಾಗೆ, ಎಡಕ್ಕೆ ಬಾಗತೊಡಗಿತು. ಬಾಗುತ್ತಲೇ ಹೋಯಿತು. ಬಿಳೀ ಆಕಾಶದಲ್ಲಿ ಅದು ಕಣ್ಣು ತಪ್ಪಿತು. ಬೇವಿನ ಗಿಡದ ಒಂದು ಟೊಂಗೆ ಅಲುಗಿದ್ದು ಮಾತ್ರ ಕಂಡಿತು, ಅದರ ಹಿಂದೆಯೇ ಹೆಣ್ಣುಮಕ್ಕಳ ಚೀರಾಟ.

ಮರ್ದಾನಸಾಬ ಇನ್ನೂ ಅರ್ಧ ದಾರಿಯಲ್ಲಿದ್ದ. ಗುಂಡು ಬಿದ್ದವನ ಹಾಗೆ ಅಲ್ಲೇ ಮೊಣಕಾಲೂರಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಗಿಡದ ಕೆಳಗೆ ಎಲ್ಲರೂ ಒಂದು ಕಡೆ ಬಾಗಿದ್ದರು. ಬಸವಣ್ಣೆವ್ವ ನೆಲದ ಮೇಲೆ ಬಿದ್ದಿದ್ದಳು. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು, ನಾಲ್ಕು ಉಸಿರಿನಷ್ಟು ಇರಬಹುದು.

ಆಮೇಲೆ ಬಸವಣ್ಣೆವ್ವ ಎದ್ದು ಕೂತಳು. ಮೈಯೆಲ್ಲ ನೀರು.

"ಯಾವನ್ಲೇ ಅವ! ನನ್ನ ಕೊಡಾ ಒಡದ!" ಎಂದಳು.

ಚೆಂಡು ಟೊಂಗೆಗೆ ಬಡಿದು ದಿಕ್ಕು ತಪ್ಪಿ, ಅವಳ ಮಗ್ಗುಲಿಗಿದ್ದ ಪ್ಲಾಸ್ಟಿಕ್ ಕೊಡವನ್ನು ಸೀಳಿತ್ತು. ಅವಳು ಬೆದರಿ ಹಿಂದಕ್ಕೆ ಬಿದ್ದಿದ್ದಳು, ಅಷ್ಟೇ. ಮುಂದಿನ ಗಳಿಗೆಯಲ್ಲಿ ಹನಮವ್ವನ ಬಾಯಿ ಶುರುವಾಯಿತು. "ನಮ್ಮ ಸಾವಕಾರ್ರಿಗೆ ಸಕ್ಕರಿ ಕಾಯಿಲಿ ಆದ್ರ ನಮ್ಮ ತಲಿ ಯಾಕ ಒಡೀಬೇಕ್ರೇ? ಬೆಲ್ಲದ ಗೋದಾಮಿಗೆ ಹೋಗಿ ಹೊಡೀಲಿ!" ಗಾಳಿ ಇಬ್ಬರ ಮಾತನ್ನೂ ಕಟ್ಟೆಯವರೆಗೆ ತಂದು ಮುಟ್ಟಿಸಿತು.

ಕಟ್ಟೆಯ ಮೇಲೆ ಬೇರೆಯದೇ ನಡೆದಿತ್ತು. ಸಾವಕಾರರು ಟೊಪ್ಪಿಗೆ ತೆಗೆದು ನಗುತ್ತಿದ್ದರು.

"ನೋಡಿದೇನ್ಲೇ ಗವಿಸಿದ್ದಾ! ಬಲಕ್ಕ ಹೋಗಲಿಲ್ಲ! ಎರಡು ತಿಂಗಳಾತು, ಮೊದಲನೇ ಸಲ!" ಎನ್ನುತ್ತ ಎರಡನೇ ಚೆಂಡನ್ನು ಇಟ್ಟರು. ಗಿಡದ ಕಡೆ ಅವರು ನೋಡಿಯೇ ಇರಲಿಲ್ಲ.

"ಅಲ್ಲೆ ಮಂದಿ ಅದಾರ್ರಿ!" ಎಂದೆ.

"ಅಲ್ಲೆ ದಿನಾ ಇರ್ತಾರ. ಒಡೀತಂದ್ರ ಒಂದು ಕೊಡಾ. ಹೊಸಾದು ಕೊಡಸ್ತೇನಿ ತಗೋ." ಕೋಲು ಎತ್ತಿದರು.

ಅಷ್ಟರಲ್ಲಿ ಮರ್ದಾನಸಾಬ ಬಂದ. ಯಾವಾಗ ಎದ್ದು ಯಾವಾಗ ಓಡಿ ಬಂದನೋ ನಾನು ಕಾಣೆ. ಅಂಗಾಲಿನಿಂದ ರಕ್ತ ಸೋರುತ್ತಿತ್ತು. ಸಾವಕಾರರ ಎದುರು ತಲೆ ಎತ್ತದ ಮನುಷ್ಯ ಕಟ್ಟೆ ಹತ್ತಿ, ಮೇಲೆ ಎತ್ತಿದ್ದ ಕೋಲಿನ ನಡುವಿಗೆ ಕೈ ಹಾಕಿ ಹಿಡಿದುಬಿಟ್ಟ.

"ಬಿಡ್ಲೇ!" ಎಂದರು ಸಾವಕಾರರು.

"ಬಿಡೂದಿಲ್ರಿ."

"ಏ ಸಾಬಾ, ತಲಿ ಕೆಟ್ಟೈತೇನು? ಯಾರ ಕೋಲು ಹಿಡದಿ ಗೊತ್ತೈತಿ?"

"ನಿಮ್ಮ ಕೋಲು, ನನ್ನ ಕೈ ತಪ್ಪುರಿ. ನಾ ಒಂದು ಹಲ್ಲು ಹೆಚ್ಚಿಗಿ ತಿರುವೇನಿ. ಇನ್ನೊಂದು ಹೊಡದ್ರ ಅಲ್ಲೆ ಒಬ್ಬಾಕಿ ಸಾಯ್ತಾಳ್ರಿ." ಹಿಡಿದ ಕೈ ಬಿಡಲಿಲ್ಲ. "ನನ್ನ ಬಡೀರಿ ಬೇಕಾದ್ರ. ಆ ಹೆಣ್ಣಮಕ್ಳು ಹಿಂದ ಬರೂತನಕ ಕೊಡೂದಿಲ್ಲ."

ಸಾವಕಾರರು ನನ್ನ ಮುಖ ನೋಡಿದರು, ಗಿಡದ ಕಡೆ ನೋಡಿದರು. ಬಸವಣ್ಣೆವ್ವ ಸೀಳಿದ ಕೊಡವನ್ನು ತಲೆಯ ಮೇಲೆ ಎತ್ತಿ ತೋರಿಸುತ್ತಿದ್ದಳು. ಸೀಳು ಅಲ್ಲಿಂದಲೇ ಕಾಣುತ್ತಿತ್ತು. ಅವರ ಕೈ ತಾನಾಗಿ ಸಡಿಲಾಯಿತು. "ಕರೀಲೇ ಅವರನ್ನ" ಎಂದು ನನಗೆ ಮೆಲ್ಲಗೆ ಹೇಳಿ, ಕಟ್ಟೆಯ ಅಂಚಿಗೆ ಕೂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು.

ಹನ್ನೊಂದು ಮಂದಿಯೂ ಕಟ್ಟೆಯ ಹಿಂದೆ ಬಂದು ನಿಂತ ಮೇಲೆ ಮರ್ದಾನಸಾಬ ಕೀಲಿ ಕೇಳಿ ತೆಗೆದುಕೊಂಡ. ನಾನು ಕೋಲನ್ನು ಹಿಡಿದುಕೊಂಡೆ. ಒಂದು ಹಲ್ಲು ಹಿಂದಕ್ಕೆ ತಿರುವಿದ. ತೂಕದ ತುಂಡನ್ನು ನಡುವೆ ತಂದು ನಿಲ್ಲಿಸಿದ. ಟಕ್ ಎನ್ನುವವರೆಗೆ ಬಿಗಿದ. ಬಿಗಿದ ಮೇಲೂ ಹೆಬ್ಬೆರಳನ್ನು ಅದರ ಮೇಲಿಟ್ಟುಕೊಂಡು, ಅದು ಸರಿಯುತ್ತದೇನೋ ಎಂಬಂತೆ, ಬಹಳ ಹೊತ್ತು ಕೂತ.

"ಇನ್ನ ಹೊಡೀಲ್ಯಾ?" ಎಂದು ಸಾವಕಾರರೇ ಕೇಳಿದರು.

"ಹೊಡೀರಿ" ಎಂದು ಹೇಳಿ ಮುಖ ಆ ಕಡೆ ತಿರುಗಿಸಿದ.

ಠಣ್. ನಾವೆಲ್ಲ ನೋಡಿದೆವು, ಅವನೊಬ್ಬ ನೋಡಲಿಲ್ಲ. ಚೆಂಡು ನೆಟ್ಟಗೆ ಹೋಗಿ, ಕೊನೆಯಲ್ಲಿ ಸ್ವಲ್ಪ ಬಲಕ್ಕೆ ವಾಲಿ, ಸಾವಕಾರರ ಹೊಲದೊಳಗೇ ಬಿದ್ದಿತು. ಬದುವಿನ ಮೇಲೆ ಕೂತಿದ್ದ ವೀರು ಸಿಳ್ಳೆ ಹೊಡೆದ. ಹನಮವ್ವ, "ಆತು ಬಿಡ್ರಿ, ಸಾವಕಾರ್ರ ಕೋಲಿಗೆ ಬುದ್ಧಿ ಬಂತು" ಎಂದಳು. ಎಲ್ಲರೂ ನಕ್ಕರು. ಮರ್ದಾನಸಾಬ ಕಟ್ಟೆ ಇಳಿದು ಟಂಟಂವರೆಗೆ ನಡೆದು ಹೋಗಿ, ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. ನಾನು ನೀರು ಕೊಟ್ಟೆ, ಅಂಗಾಲಿನ ರಕ್ತ ತೊಳೆದುಕೊಂಡ.

"ಯಾರಿಗೂ ಏನೂ ಆಗಲಿಲ್ಲೋ ಯಣ್ಣಾ. ನೋಡು, ಎಲ್ಲಾರೂ ಅದಾರ" ಎಂದೆ.

"ಟೊಂಗಿ ಅಡ್ಡ ಬಂತು, ಅದಕ್ಕ" ಎಂದ.



ಸಾವಕಾರರು ನಲವತ್ತು ಮುಗಿಸಿ ಕೋಲನ್ನು ಕಟ್ಟೆಗೆ ಒರಗಿಸುವಾಗ ಮರ್ದಾನಸಾಬ ಮತ್ತೆ ಅಲ್ಲಿಗೆ ಬಂದಿದ್ದ. ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಚೆಂಡು ಆರಿಸಲು ಹೊಲದ ತುಂಬ ಚದುರಿದರು. ಅಷ್ಟರಲ್ಲಿ ಸಾವಕಾರರ ಜೇಬಿನಲ್ಲಿ ಇನ್ನೂ ಒಂದು ಚೆಂಡು ಉಳಿದದ್ದು ಗೊತ್ತಾಯಿತು. ಅದನ್ನೂ ಇಟ್ಟು ಹೊಡೆಯುವ ಆಸೆ. ಕೋಲಿಗಾಗಿ ತಿರುಗಿ ನೋಡಿದರೆ ಅದು ಮರ್ದಾನಸಾಬನ ಕೈಯಲ್ಲಿತ್ತು, ಎದೆಗೆ ಅವುಚಿ ಹಿಡಿದಿದ್ದ.

"ತಾರೋ ಇಲ್ಲೆ. ಒಂದ ಒಂದು."

"ಎಲ್ಲಾರೂ ಬರಲ್ರಿ."

"ಅವರು ಆ ಕಡೆ ಅದಾರ. ನಾ ಈ ಕಡೆ ಹೊಡೀತೇನಿ."

"ಎಲ್ಲಾರೂ ಬರಲ್ರಿ ಸಾವಕಾರ್ರ."

ಒಬ್ಬೊಬ್ಬರೇ ಬುಟ್ಟಿ ತುಂಬಿಕೊಂಡು ಬಂದರು. ಅವನ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದ. ಎಂಟು, ಒಂಬತ್ತು, ಹತ್ತು. ಅಲ್ಲಿಗೆ ನಿಂತ. ಹೊಲದಲ್ಲಿ ಯಾರೂ ಕಾಣಲಿಲ್ಲ.

"ಇನ್ನೊಬ್ಬಾಕಿ ಎಲ್ಲಿ?" ಎಂದ. "ಹನಮವ್ವಾ, ಇನ್ನೊಬ್ಬಾಕಿ ಎಲ್ಲಿ?"

"ಬಸವಣ್ಣೆವ್ವ ಹಳ್ಳದ ಕಡೆ ಹೋಗ್ಯಾಳ. ಬರ್ತಾಳ ತಗೋ, ಯಾಕಷ್ಟ್ ಜೀವಾ ತಿನ್ಕೊಂತಿ?"

ಅವನು ಹಳ್ಳದ ಕಡೆ ನೋಡುತ್ತ, ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ನಿಂತ. ಸಾವಕಾರರು ಕೈ ಚಾಚಿದ್ದರು. ಆ ಕೈ ಹಾಗೇ ಗಾಳಿಯಲ್ಲಿ ಇತ್ತು.